ತಪ್ಪಿದ ಪೆಟ್ಟು

ಭಾನುವಾರ ರಾತ್ರಿ ಒಂಬತ್ತಕ್ಕೆ ನಾನು ಟೀವಿಯಲ್ಲಿ ಬಂದೆ.
ನಾನಲ್ಲ, ನನ್ನ ಬದಲಿಗೆ ಇರುವವನು.
ಹನ್ನೊಂದು ವರ್ಷದಲ್ಲಿ ನಮ್ಮ ಬ್ಯಾಂಡಿಗೆ ಮೂವರು ಡ್ರಮ್ಮರುಗಳು;
ಮೂವರನ್ನೂ ಒಂದೇ ಒರಳಿಗೆ ಹಾಕಿ ರುಬ್ಬಿ
ಒಬ್ಬನನ್ನು ಎತ್ತಿದ್ದಾರೆ. ಹೆಸರು ಗ್ಯಾರಿ.
ಮೀಸೆ ಟೆಡ್ ಬ್ರಾಕಲ್ಸ್‌ಬಿಯದು, ಕುಡಿತ ಇನ್ನೊಬ್ಬನದು,
ನನ್ನದು ಬರೀ ಕನ್ನಡಕ.

ಎರಡು ಕಂತಿನಲ್ಲಿ ಗ್ಯಾರಿಗೆ ನಾಲ್ಕೇ ಮಾತು.
ಅದರಲ್ಲಿ ಎರಡು, "ವ್ಯಾನ್ ಎಲ್ಲಿ?"
"ಮನೆಯಲ್ಲಿ ನೀನು ಅಷ್ಟೂ ಆಡುವುದಿಲ್ಲ"
ಎನ್ನುತ್ತಾಳೆ ಏವ್ರಿಲ್, ಹೆಣಿಗೆಯಿಂದ ತಲೆಯೆತ್ತದೆ.

ಗ್ರಿಮ್ಸ್‌ಬಿಯ ಬಂದರನ್ನು ಯಾವುದೋ ಬೇರೆ ಊರಲ್ಲಿ ತೆಗೆದಿದ್ದಾರೆ,
ನೀರು ತೀರ ನೀಲಿ.
ವಾಸನೆಯನ್ನಂತೂ ತೋರಿಸಲಾಗದು, ಬಿಡಿ.
ಬೆಳಿಗ್ಗೆಯೆಲ್ಲ ಕಾಡ್ ಮೀನಿನ ಪೆಟ್ಟಿಗೆ ಹೊತ್ತ ಕೈಯಲ್ಲೇ
ಸಂಜೆ ಕೋಲು ಹಿಡಿದರೆ
ಮೊದಲ ಸಾಲಿನ ಹುಡುಗಿಯರು
ಮೆಲ್ಲಗೆ ಎರಡನೇ ಸಾಲಿಗೆ ಸರಿಯುತ್ತಿದ್ದರು.

ಡೆನ್ನಿಯ ಅಪ್ಪನ ಕೈಗೆ ಬೆಲ್ಟು ಕೊಟ್ಟಿದ್ದಾರೆ.
ಅಂಥ ಅಪ್ಪ ಇರಲೇಬೇಕಂತೆ,
ಇಲ್ಲದಿದ್ದರೆ ಹಾಡು ಎಲ್ಲಿಂದ ಹುಟ್ಟಬೇಕು?
ನಿಜದ ಹೆರಾಲ್ಡ್, ಪಂದ್ಯದ ಪಾರಿವಾಳ ಹನ್ನೆರಡು ಮಾರಿ
ಮಗನಿಗೆ ಗಿಟಾರು ತಂದವನು.
ಆಮೇಲೂ ಖಾಲಿ ಗೂಡಿನ ಬಾಗಿಲು ತೆರೆದೇ ಇಡುತ್ತಿದ್ದ.
ಐದು ಹಕ್ಕಿ ದಾರಿ ಮರೆಯದೆ ವಾಪಸು ಬಂದವು.
ಒಂದು ರಾತ್ರಿ ಇಟ್ಟುಕೊಂಡು, ಬೆಳಿಗ್ಗೆ
ಬಸ್ಸು ಹತ್ತಿ ಹೋಗಿ ಕೊಟ್ಟು ಬಂದ.

ಡೆನ್ನಿ ಸಾಯುವಾಗ ಟೀವಿಯಲ್ಲಿ ಮಳೆ, ಪಿಟೀಲು, ನಿಧಾನಕ್ಕೆ ಆರುವ ದೀಪ.
ಅವತ್ತು ಮಂಗಳವಾರ. ಚೆನ್ನಾಗಿ ಬಿಸಿಲಿತ್ತು.
ನಾನು ಯಾರದೋ ಅಡುಗೆಮನೆಯಲ್ಲಿ ಬಾಯ್ಲರ್ ಬಿಚ್ಚಿಕೊಂಡು ಕೂತಿದ್ದೆ,
ಅವರ ರೇಡಿಯೋ ಹೇಳಿತು.
"ಪಾಪ, ಯಾರೋ ಹಾಡುವವನಂತೆ" ಎಂದಳು ಮನೆಯಾಕೆ.
ಹೌದು ಎಂದೆ.
ಕೆಳಗೆ ಬಿದ್ದ ವಾಷರ್ ಹುಡುಕಿದೆ. ತುಂಬ ಹೊತ್ತು ಹುಡುಕಿದೆ.

ಹಾಡುಗಳನ್ನು ಮಾತ್ರ ಹಳೆಯ ಟೇಪಿನಿಂದಲೇ ಹಾಕಿದ್ದಾರೆ.
ಆ ಹುಡುಗನ ನುಣುಪು ಕೈ ಏಳುತ್ತದೆ, ಬೀಳುತ್ತದೆ,
ಸದ್ದು ನನ್ನದು.

ಎರಡನೇ ಚರಣ ಮುಗಿಯುವಲ್ಲಿ ಒಂದು ಪೆಟ್ಟು ತಪ್ಪಿದೆ.
ಅದರ ಮೇಲೆ ತಿಳಿದವರು ಪುಟಗಟ್ಟಲೆ ಬರೆದಿದ್ದಾರೆ,
ಧೈರ್ಯದ ಮೌನ, ಇನ್ನೂ ಏನೇನೋ.
ಗ್ಯಾರಿ ಅಲ್ಲಿ ಕಣ್ಣು ಮುಚ್ಚಿ, ಕೋಲನ್ನು ಗಾಳಿಯಲ್ಲಿ ತಡೆದು,
ಸಂತನ ಹಾಗೆ ಕಾಯುತ್ತಾನೆ.

ಆದದ್ದಿಷ್ಟು: ಹಾಡುತ್ತಲೇ ಡೆನ್ನಿ
ಪೊಟ್ಟಣದಿಂದ ಒಂದು ಆಲೂಗಡ್ಡೆ ಚೂರು ತೆಗೆದು,
ವಿನೆಗರ್ ತೊಟ್ಟಿಕ್ಕುತ್ತಿತ್ತು, ನನಗೆ ಗುರಿಯಿಟ್ಟು ಎಸೆದ.
ಸರಿಯಾಗಿ ಕನ್ನಡಕಕ್ಕೆ ಬಿತ್ತು.
ಇನ್ನೊಮ್ಮೆ ಟೇಪು ಓಡಿಸಲು ನಮ್ಮ ಹತ್ತಿರ ಕಾಸಿರಲಿಲ್ಲ.

ಯಾರಿಗೂ ಹೇಳಿಲ್ಲ ಇದನ್ನು. ಟೀವಿಯವರಿಗೂ ಹೇಳಲಿಲ್ಲ.
ಮೂರು ಗಂಟೆ ಕೂತಿದ್ದರು, ಶುಂಠಿ ಬಿಸ್ಕತ್ತು ಮುಗಿಸಿದರು,
ವ್ಯಾನಿನ ಬಣ್ಣ ಬರೆದುಕೊಂಡು ಹೋದರು.
(ಹಸಿರು ಅಂದಿದ್ದೆ. ಕೆಂಪು ಮಾಡಿದ್ದಾರೆ.)

ಪಕ್ಕದ ಮನೆಯ ಕೂಸು ಎದ್ದೀತು, ಸದ್ದು ತಗ್ಗಿಸು
ಎನ್ನುತ್ತಾಳೆ ಏವ್ರಿಲ್.
ತಗ್ಗಿಸುತ್ತೇನೆ. ಗಿಟಾರು ತಗ್ಗುತ್ತದೆ, ಡೆನ್ನಿ ತಗ್ಗುತ್ತಾನೆ,
ಆ ತಪ್ಪಿದ ಪೆಟ್ಟಿನ ಜಾಗ
ಮೊದಲಿದ್ದಷ್ಟೇ ಇದೆ.

ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸುತ್ತೇನೆ.
"ಏನಾಯ್ತು?"
ವಿನೆಗರ್, ಎನ್ನುತ್ತೇನೆ.