ಬಲಕ್ಕೆ ಎಳೆಯುವ ಗಾಡಿ

ವೇಮಗಲ್ ದಾಟಿ ಎಡಕ್ಕೆ, ತಗಡಿನ ಗೋಡೆಯಾಚೆ
ವಾಪಸು ಬಂದ ಗಾಡಿಗಳ ಅಂಗಳ.
ಬೀಗದ ಕೈಗಳೆಲ್ಲ ಶೌರಪ್ಪನ ಸೊಂಟದಲ್ಲಿ,
ದೋಷಗಳೆಲ್ಲ ನನ್ನ ರಿಜಿಸ್ಟರಿನಲ್ಲಿ:
ಇದಕ್ಕೆ ಬ್ರೇಕು ತಡ, ಅದಕ್ಕೆ ಹೊಗೆ,
ಮೂಲೆಯ ಬಿಳಿಯದು ಬಲಕ್ಕೆ ಎಳೆಯುತ್ತದೆ.
ಮೂರು ಸಲ ರಿಪೇರಿ. ಹಣ ಹಿಂತಿರುಗಿಸಿದೆ.

ಹಣ ಹೋಯಿತು. ಬಾನೆಟ್ಟಿನ ಅರಿಸಿನ ಹೋಗಿಲ್ಲ.
ಸೀಟಿನ ಸಂದಿಯಲ್ಲಿ ಮಗುವಿನ ಒಂಟಿ ಕಾಲುಚೀಲ,
ಟೈರಿಗೆ ಒಣಗಿ ಅಂಟಿದ ನಿಂಬೆಸಿಪ್ಪೆ.
ಯಾರ ದೃಷ್ಟಿಯೋ ಅಂದುಕೊಂಡಿರುತ್ತಾರೆ, ಪಾಪ.

ಊಟದ ಹೊತ್ತಲ್ಲಿ ಶೌರಪ್ಪ ಕೀಲಿ ಕೊಟ್ಟ:
‘ಒಂದು ಸುತ್ತು ಹಾಕಮ್ಮಾ, ಯಾರೂ ಇಲ್ಲ.’
ಸ್ಟಿಯರಿಂಗ್ ಮುಟ್ಟಲೇ ಇಲ್ಲ ನಾನು.
ಅದೇ ತಿರುಗಿತು, ದುಂಡಗೆ,
ಹೊರಟ ಜಾಗಕ್ಕೇ ತಂದು ನಿಲ್ಲಿಸಿತು.
ನೇರ ರಸ್ತೆಯಿಲ್ಲದ ಕಡೆ
ಅದಕ್ಕೆ ಯಾವ ಊನವೂ ಇರಲಿಲ್ಲ.

ಆಷಾಢದಲ್ಲಿ ಲಾರಿ ಬಂತು. ಕೆಲವು ಗುಜರಿಗೆ,
ಎರಡು, ಐಟಿಐ ಹುಡುಗರು ಬಿಚ್ಚಿ ಕಲಿಯಲು.
ಬಿಳಿಯದರ ಮುಂದೆ ‘ಹರಾಜು’ ಎಂದು ಬರೆದೆ.
ಯಾಕೆ ಬಂತೆಂಬ ಕಾಲಂ ಆ ಚೀಟಿಯಲ್ಲಿಲ್ಲ.

ಮೊನ್ನೆ ಶ್ರೀನಿವಾಸಪುರದ ರಸ್ತೆಯಲ್ಲಿ
ಮಾವಿನ ಕ್ರೇಟು ತುಂಬಿದ ನೀಲಿ ಕಾರು,
ಆಂಧ್ರದ ನಂಬರು, ಹೊಸ ನಿಂಬೆಹಣ್ಣು.
ಓಡಿಸುವವನ ಎಡತೋಳು ಬಿಗಿದಿತ್ತು,
ಮೊಂಡು ಎತ್ತಿನ ಹಗ್ಗ ಹಿಡಿದ ಹಾಗೆ.

ಕೈ ಎತ್ತಿದೆ.
ಡ್ರಾಪ್ ಬೇಕೇನೋ ಎಂದುಕೊಂಡು ಅವನು ನಿಲ್ಲಿಸಿದ,
ರಸ್ತೆಯ ನಡುವಿಗೆ, ತುಸು ಓರೆಯಾಗಿ.