ಎಪ್ಪತ್ತೆರಡರಲ್ಲೊಂದು ಪಾಲು

ಡಬ್ಬಿಯ ಮೇಲಿನ ಚಿತ್ರದಲ್ಲಿ ಆಕಾಶ ತೀರಾ ಚೆಲುವಾಗಿದೆ.
ಒಳಗಿರುವುದು ಬೂದು ಪ್ಲಾಸ್ಟಿಕ್ಕಿನ ಚೌಕಟ್ಟು ನಾಲ್ಕು,
ಬಳ್ಳಿಗೆ ಕಾಯಿ ಜೋತುಕೊಂಡ ಹಾಗೆ
ರೆಕ್ಕೆ, ಬಾಲ, ಗಾಲಿ, ಬಂದೂಕಿನ ನಳಿಗೆ,
ಉಗುರಿನಷ್ಟು ಆಸನ.
ಜೊತೆಗೊಂದು ಕಾಗದ: ಮೊದಲು ಇದು, ಆಮೇಲೆ ಅದು.
ಮೂವತ್ತೊಂಬತ್ತರ ಸೆಪ್ಟೆಂಬರನ್ನು
ಕುರ್ಚಿಯ ಹಾಗೆ ಜೋಡಿಸಬಹುದೆಂದು ನಂಬಿದವರು ಬರೆದದ್ದು.

ರಾದೊಮ್ ಊರು, ನಾಲ್ಕನೇ ಮಹಡಿ, ನವೆಂಬರ್.
ಬಸ್ ಡಿಪೋದ ರಾತ್ರಿಪಾಳಿ ಮುಗಿಸಿ ಬಂದ ಕೈ,
ಮೂರು ಸಲ ತೊಳೆದರೂ ಗ್ರೀಸಿನ ವಾಸನೆ.
ಅದೇ ಕೈಯಲ್ಲಿ ಚಿಮಟ ಹಿಡಿದು ಉಸಿರು ಕಟ್ಟುತ್ತೇನೆ.
ಆಳೆತ್ತರದ ಎಂಜಿನು ಬಿಚ್ಚಿ ಬಂದವನಿಗೆ
ಅಕ್ಕಿಕಾಳಿನಷ್ಟು ಸಿಲಿಂಡರು, ಒಂಬತ್ತು.
ಒಂದು ಚಿಮ್ಮಿ ನೆಲಕ್ಕೆ ಹಾರಿತು.
ಮೊಣಕಾಲೂರಿ, ಟಾರ್ಚನ್ನು ನೆಲಕ್ಕೊರಗಿಸಿ ಹುಡುಕಿದೆ.
ಸಿಕ್ಕಿದ್ದು ಒಂದು ಗುಂಡಿ, ಎರಡು ಬಟಾಣಿ,
ಮಗಳು ಹೋದ ವರ್ಷ ಅತ್ತು ಅತ್ತು ಕೈಬಿಟ್ಟ ಕಿವಿಯೋಲೆ.
ಸಿಲಿಂಡರು ಮಾತ್ರ ಇಲ್ಲ.
ಎಂಟರಲ್ಲೇ ಹಾರಲಿ.

ಬಣ್ಣದ್ದೇ ತಕರಾರು.
ಖಾಕಿ ಎನ್ನುತ್ತದೆ ಒಂದು ಪುಸ್ತಕ,
ಅದರಲ್ಲಿ ಹಸಿರು ಹೆಚ್ಚು ಎನ್ನುತ್ತದೆ ಇನ್ನೊಂದು.
ಕ್ರಾಕುವ್‌ನ ಸಂಗ್ರಹಾಲಯದಲ್ಲಿ ಉಳಿದಿರುವ ಒಂದೇ ಒಂದು ವಿಮಾನಕ್ಕೆ
ಯಾರು ಎಷ್ಟು ಸಲ ಬಳಿದರೋ.
ಹಳೆಯ ಫೋಟೋಗಳಲ್ಲಂತೂ ಎಲ್ಲವೂ ಮೋಡದ ಬಣ್ಣ.
ಐದು ಚಮಚದ ಬೆನ್ನಿಗೆ ಐದು ಖಾಕಿ ಬಳಿದು
ಕಿಟಕಿಯಲ್ಲಿ ಒಣಗಲಿಟ್ಟೆ.

ಸೌತೆಕಾಯಿ ಉಪ್ಪಿನಕಾಯಿಯ ಜಾಡಿ ಹಿಡಿದು ಬಂದ
ಕೆಳಮನೆಯ ಪಾನಿ ಗೆನೊವೆಫಾ ಡಬ್ಬಿ ನೋಡಿ ನಿಂತರು.
"ಇದನ್ನ ನಾನು ಮುಟ್ಟಿದೀನಿ."
ಚಮಚಗಳನ್ನು ಅವರ ಮುಂದೆ ಹರಡಿದೆ.
ಕನ್ನಡಕ ಹಾಕಿದರು, ತೆಗೆದರು.
"ಇದಲ್ಲ. ಇದೂ ಅಲ್ಲ.
ಹೆಂಡತಿಗೆ ಗೊತ್ತೇನೋ, ಅವಳ ಚಮಚ ಅಂತ?"

ಆಮೇಲೆ ಕೂತರು.
"ಬಣ್ಣ ನೆನಪಿಲ್ಲ ಕಣಪ್ಪ. ಆರು ವರ್ಷ ನನಗೆ.
ಆಲೂಗಡ್ಡೆ ಹೊಲದಲ್ಲಿ ಬಿದ್ದಿತ್ತು,
ಅಂಗಾತ ಬಿದ್ದ ಜೀರುಂಡೆ ಥರ, ಕಾಲು ಮೇಲೆ.
ಒಂದು ಚಕ್ರ ಇನ್ನೂ ತಿರುಗ್ತಾ ಇತ್ತು.
ದೊಡ್ಡೋರೆಲ್ಲ ಸೇರಿ ಆ ಹುಡುಗನ್ನ ಎಳೀತಿದ್ರು.
ಆ ಕಡೆ ನೋಡಬೇಡ ಅಂದ್ಲು ಅಮ್ಮ.
ಅದಕ್ಕೇ ಚಕ್ರ ನೋಡಿದೆ,
ನಿಲ್ಲೋವರೆಗೂ."
ನಿಂತಮೇಲೆ?
"ನಿಂತಮೇಲೆ ಏನು, ಆಲೂಗಡ್ಡೆ ಅಗೆದ್ವಿ.
ಆ ಸಾಲೊಂದು ಬಿಟ್ಟು."

ಡಬ್ಬಿಯ ಮೂಲೆಯಲ್ಲಿ ಅಚ್ಚಾಗಿದೆ:
ಎಪ್ಪತ್ತೆರಡರಲ್ಲಿ ಒಂದು ಪಾಲು.
ಅವರು ಹೋದಮೇಲೆ ಲೆಕ್ಕ ಹಾಕುತ್ತ ಕೂತೆ.
ಹನ್ನೊಂದು ಮೀಟರು ರೆಕ್ಕೆ ನನ್ನ ಗೇಣಿಗಿಂತ ಕಮ್ಮಿ.
ಹೊಲ ಈ ಮೇಜಿನ ಮೇಲೆ ಹಿಡಿದೀತು.
ಆ ಚಕ್ರ ಎಪ್ಪತ್ತೆರಡು ಸೆಕೆಂಡು ತಿರುಗಿದ್ದರೆ
ಇಲ್ಲಿ ಒಂದೇ ಸೆಕೆಂಡು.

ಮೂರನೇ ಚಮಚದ ಬಣ್ಣವೇ ಸಾಕೆಂದುಕೊಂಡೆ.
ತಟ್ಟೆಯ ನೀರಿನಲ್ಲಿ ನೆನೆದ ಕೆಂಪು ಬಿಳಿ ಚೌಕುಳಿ
ಬೆರಳಿಂದ ಜಾರಿ ಎಡ ರೆಕ್ಕೆಯ ಮೇಲೆ ಓರೆಯಾಗಿ ಕೂತಿತು,
ಎಬ್ಬಿಸಲು ಹೋದರೆ ಹರಿಯುತ್ತದೆ.
ಹತ್ತೊಂಬತ್ತನೆಯ ಹೆಜ್ಜೆ: ಚಕ್ರಗಳನ್ನು ಅಂಟಿಸಿ.
ಬಲಗಡೆಯದನ್ನು ಅಂಟಿಸಿದೆ.
ಎಡಗಡೆಯದಕ್ಕೆ ಬಿಸಿ ಸೂಜಿಯಿಂದ ತೂತು ಕೊರೆದು,
ಗುಂಡುಪಿನ್ನು ಕತ್ತರಿಸಿ ಅಚ್ಚು ಮಾಡಿ,
ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ.

ಜಾಡಿ ಕೇಳಲು ಬಂದಾಗ ಅಂಗೈಗೆ ಕೊಟ್ಟೆ.
ಅವರೇ ತಿರುವಿ ಬೋರಲು ಹಾಕಿದರು.
ಕಿರುಬೆರಳಿನಿಂದ ಮೀಟಿದರು.
ಒಂದು ಸೆಕೆಂಡೂ ಇರಲಿಲ್ಲ.
ಇನ್ನೊಮ್ಮೆ.
ನಾಲ್ಕನೆಯ ಸಲಕ್ಕೆ ಚಕ್ರ ಬಿಟ್ಟು
ವಿಮಾನವನ್ನು ನೆಟ್ಟಗೆ ಮಾಡಿ, ಕಣ್ಣಿಗೆ ಹತ್ತಿರ ತಂದು,
ಉಗುರಿನಷ್ಟು ಆಸನದೊಳಗೆ ಇಣುಕಿದರು.

"ಹುಡುಗ ಎಲ್ಲಿ?"

ಡಬ್ಬಿಯಲ್ಲಿ ಬಂದಿರಲಿಲ್ಲ ಎಂದೆ.

ಜಾಡಿಯನ್ನು ತೊಳೆದು ಬಾಗಿಲ ಬಳಿಯೇ ಇಟ್ಟಿದ್ದೆ.
ಬಿಟ್ಟು ಹೋದರು.