ಹದಿನಾರನೇ ಕಂತು

ಮುಹೂರ್ತ ಈ ಸಲ ರಾತ್ರಿ ಒಂದು ಇಪ್ಪತ್ತೇಳಕ್ಕೆ.
ಹನ್ನೊಂದೂವರೆಗೇ ತಲಕಾವೇರಿಯ ಮೆಟ್ಟಿಲ ಮೇಲೆ
ಚೋಂದಮ್ಮ ಮಾವಿ, ನಾನು, ಒಂದೇ ಕಂಬಳಿ,
ಫ್ಲಾಸ್ಕಿನಲ್ಲಿ ಬೆಲ್ಲದ ಕಾಫಿ,
ಮತ್ತೆ ನನ್ನ ಬಿರುಕುಬಿದ್ದ ಫೋನಿನೊಳಗೆ
ಒಂಬೈನೂರು ವರ್ಷದಿಂದ ಬಾವಿ ಕಾಯುತ್ತಿರುವ
ಕೊರಿಯಾದ ಒಬ್ಬ ದೇವರು.

ಕೊನೆಯ ಕಂತು. ಮಾವಿಯದೇ ಹಟ:
ನಾಳೆ ಕಣಿಪೂಜೆ, ನೆಂಟರು, ಯಾರು ಬಿಡುತ್ತಾರೆ ನೋಡಲು?
ಇಯರ್‌ಫೋನಿನ ಒಂದು ಕುಡಿ ಅವಳ ತಲೆವಸ್ತ್ರದೊಳಗೆ,
ಇನ್ನೊಂದು ನನಗೆ.
ಕೆಳಗಿನ ಇಂಗ್ಲಿಷ್ ಸಾಲು ಓದಿ ನಾನು ಅರ್ಥ ಹೇಳುವಷ್ಟರಲ್ಲಿ
ಮುಖ ನೋಡಿಯೇ ಅವಳು ಅತ್ತು ಮುಗಿಸಿರುತ್ತಾಳೆ.

ಆ ದೇವರಿಗೆ ಬೂದು ಸ್ವೆಟರು, ರೆಪ್ಪೆಯ ಮೇಲೆ ಹಿಮ.
ಗುಡಿಯಲ್ಲಿ ಕಾಗದದ ತಾವರೆ, ತೂಗುವ ಮರದ ಮೀನು.
ಅವನನ್ನು ಮೈಮೇಲೆ ಕರೆವ ಮುದುಕಿಯ ಕೈಯಲ್ಲಿ ಗೆಜ್ಜೆಗೊಂಚಲು.
ನೂಡಲ್ಸ್ ಅಂಗಡಿಯ ಹುಡುಗಿಯೋ
ಅವನು ಬದುಕಲೆಂದು ಇಗರ್ಜಿಗೆ ಹೋಗಿ ಮೇಣದಬತ್ತಿ ಹಚ್ಚುತ್ತಾಳೆ.
"ಒಬ್ಬ ಗಂಡಿಗೆ ಎಷ್ಟು ಕಡೆ ಹರಕೆ!" ಅಂದಳು ಮಾವಿ.
"ನಾನೂ ಹೋಗಿದ್ದೆ ಆಗ,
ವಿರಾಜಪೇಟೆ ಇಗರ್ಜಿಗೂ, ಎಮ್ಮೆಮಾಡಿನ ದರ್ಗಾಕ್ಕೂ."
ಆಗ ಅಂದರೆ ಯಾವಾಗ, ನಾನು ಕೇಳಲಿಲ್ಲ.

ಶರತ್ತು ಇಷ್ಟೇ. ಇಬ್ಬರ ಮುಖ
ಬಾವಿಯಲ್ಲಿ ಒಟ್ಟಿಗೆ ಬಿದ್ದ ಗಳಿಗೆ
ಅವನು ನೀರಾಗಬೇಕು.

"ನಮ್ಮವಳದ್ದೂ ನೀರಿನ ಕತೆಯೇ ಮಗಾ.
ಆದರೆ ಶರತ್ತು ಹಾಕಿದ್ದು ಹೆಣ್ಣು.
ಒಂದು ಗಳಿಗೆಯೂ ಬಿಟ್ಟುಹೋಗಬೇಡ ಅಂದಳು. ಹೋದ.
ಸ್ನಾನಕ್ಕೇ ಹೋಗಿದ್ದಿರಬಹುದು. ಹೋದ.
ಕಮಂಡಲ ಎಷ್ಟು ಸಣ್ಣದು, ನೋಡಿದ್ದೀಯಲ್ಲ?
ಹರಿದುಬಿಟ್ಟಳು. ಹೂ ಉದುರಲಿಲ್ಲ,
ಪಿಟೀಲು ಬಾರಿಸಲಿಲ್ಲ ಯಾರೂ.
ಬಲಮುರಿಯಲ್ಲಿ ಅಡ್ಡ ನಿಂತು ಬೇಡಿದವರ
ನೆರಿಗೆ ತಿರುಗಿತೇ ಹೊರತು
ಅವಳು ತಿರುಗಲಿಲ್ಲ."

ಹೇಳುತ್ತ ಬೆನ್ನ ಹಿಂದಿನ ತನ್ನ ನೆರಿಗೆಯನ್ನು
ಕಲ್ಲಿನ ಮೇಲೆ ಒಮ್ಮೆ ಸವರಿ ಸರಿಮಾಡಿದಳು.
ಇಪ್ಪತ್ತಮೂರಕ್ಕೆ, ಒಂದು ಟ್ರಂಕಿನ ಜೊತೆ
ಯಾರದೋ ಜೀಪಿನಲ್ಲಿ ತವರಿಗೆ ಬಂದಿಳಿದವಳು.
ಯಾಕೆಂದು ಇವತ್ತಿಗೂ ನಮ್ಮ ಒಕ್ಕದಲ್ಲಿ ಯಾರಿಗೂ ಗೊತ್ತಿಲ್ಲ.

ಒಂದು ಹತ್ತು. ಹುಡುಗಿ ಬಾವಿಗೆ ಬಾಗಿದಳು.
ಅವನೂ ಬಾಗಿದ. ಸ್ವೆಟರಿನ ತೋಳಿನಿಂದ
ಒಂದು ಹನಿ—
ನಿಂತಿತು.
ಬೆಟ್ಟಕ್ಕೆ ಬೆಟ್ಟವೇ ಫೋನು ಹಿಡಿದು ಹತ್ತಿದರೆ ಇನ್ನೇನು?
ಅವರಿಬ್ಬರ ಮುಖದ ನಡುವೆ
ಸಣ್ಣದೊಂದು ಬಿಳಿ ಚಕ್ರ, ತಿರುಗುತ್ತ.

ಕೆಳಗೆ ಕುಂಡಿಕೆ. ಮೊಣಕೈ ಉದ್ದದ ನೀರು.
ಅದನ್ನೇ ನೋಡುತ್ತ ಇಡೀ ಜನ ಉಸಿರು ಹಿಡಿದು ನಿಂತಿತ್ತು.
ನಾನು ಚಕ್ರ ನೋಡುತ್ತಿದ್ದೆ.
ಮಾವಿ ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ,
ಎರಡು ಒಲೆಯ ಹಾಲು ಕಾಯುವವಳ ಹಾಗೆ.

ಆಗ ಮೇಲಿನಿಂದ ಜಾರಿ, ದೇವರ ಹಣೆಗೆ ಅಡ್ಡ ಬಂದು ಕೂತಿತು:
'ನಾಳೆ ಬರಲಾ? ಜೋಯಪ್ಪ.'
ಇದಕ್ಕೆ ಮಾತ್ರ ಎಲ್ಲಿತ್ತೋ ಸಿಗ್ನಲ್ಲು.
ಮಾವಿ ಕನ್ನಡಕ ಏರಿಸಿ ಓದಿದಳು.
ಕಾಫಿ ಬಗ್ಗಿಸಿದಳು. ಅರ್ಧ ನನಗೆ.

ಕೂಗು ಎದ್ದಿತು. ಅಮ್ಮಾ, ಅಮ್ಮಾ ಎಂದು ಕತ್ತಲೆಲ್ಲ.
ಉಕ್ಕಿದ್ದು ನನಗೆ ಕಾಣಲಿಲ್ಲ, ಮುಂದೆ ಅಷ್ಟು ಹೆಗಲು.
ಅರ್ಚಕರು ಎರಚಿದ ನೀರು ಮಾತ್ರ
ತಣ್ಣಗೆ ನಮ್ಮಿಬ್ಬರ ಮೇಲೆ, ಫೋನಿನ ಮೇಲೆ.
ಒದ್ದೆ ಗಾಜಿಗೆ ಹುಚ್ಚು ಹಿಡಿದು
ಕತೆ ತಾನೇ ಹಿಂದಕ್ಕೋಡಿ ಮೊದಲ ಕಂತಿಗೆ ನಿಂತಿತು:
ಹುಡುಗಿ ಇನ್ನೂ ನೂಡಲ್ಸ್ ಬೇಯಿಸುತ್ತಿದ್ದಾಳೆ,
ಅವಳಿಗೆ ಯಾವ ದೇವರ ಪರಿಚಯವೂ ಇಲ್ಲ.

"ನೀರಾದನಾ ಅವನು?"
"ಗೊತ್ತಿಲ್ಲ ಮಾವಿ."
"ಇರಲಿ ಬಿಡು."

ಬಸ್ಸು ಭಾಗಮಂಡಲಕ್ಕೆ ಇಳಿಯುತ್ತಿತ್ತು.
ಮನೆ ಮುಟ್ಟಿದ ಮೇಲೆ ಮಲಗುವಂತಿಲ್ಲ,
ಸೌತೆಕಾಯಿಗೆ ಕೆಂಪು ರೇಷ್ಮೆ ಉಡಿಸಬೇಕು,
ಪತ್ತಾಕ ತೊಡಿಸಬೇಕು, ಬಳೆ ಇಡಬೇಕು;
ಬೆಳಗಾಗುವಾಗ ಅದು ತಾಯಿ.
"ಜೋಯಪ್ಪನಿಗೆ ಹೇಳು," ಕಣ್ಣು ಮುಚ್ಚಿಕೊಂಡೇ ಅಂದಳು,
"ದೋಸೆ, ಕುಂಬಳಕಾಯಿ ಸಾರು ಇರುತ್ತದೆ, ಬರಲಿ.
ಬಂದವನು ಮೊದಲು
ನಿನ್ನ ಶರತ್ತೇನು ಅಂತ ಕೇಳಲಿ."

ಅವಳ ಮಡಿಲ ಪ್ಲಾಸ್ಟಿಕ್ ಬಾಟಲಿಯಲ್ಲಿ
ಪ್ರತಿ ತಿರುವಿಗೂ ನೀರು ಎದ್ದು ಕೂರುತ್ತಿತ್ತು.